ನೀಟ್ ಇನ್ನೊಂದ್ಸಲ ಬರೆಸೋದಾ, ಪೊನ್ನಂಪೇಟೆ ಫಾರೆಸ್ಟ್ರಿಗೆ ಕಳಿಸೋದಾ?

ಪ್ರಶ್ನೆ: ಮೇಡಂ ನಮಸ್ಕಾರ. ನಾನು ಸಿದ್ದಾಪುರದ ಹತ್ರ ಒಂದು ಎಸ್ಟೇಟಲ್ಲಿ ಲೆಕ್ಕ ಬರೆಯೋ ರೈಟರ್ ಆಗಿದ್ದೀನಿ. ನಮ್ದೇ ಅಂತ ಮೂರು ಎಕ್ರೆ ಕಾಫಿ ಇದೆ, ಇನ್ನೂ ಅಪ್ಪನ ಹೆಸರಲ್ಲೇ ಇದೆ. ಮಗಳು ಹತ್ತನೇವರೆಗೆ ಊರಲ್ಲೇ ಓದಿದ್ಳು, ಪಿಯುಸಿ ಪಿಸಿಎಂಬಿ ಗೋಣಿಕೊಪ್ಪದಲ್ಲಿ, 84 ಪರ್ಸೆಂಟ್ ಬಂದಿದೆ. ನೀಟಲ್ಲಿ 380. ಸಿಇಟಿನೂ ಬರೆದಿದ್ದಾಳೆ. ಮೈಸೂರಲ್ಲಿರೋ ನಮ್ಮಣ್ಣ ಒಂದು ವರ್ಷ ಇಲ್ಲಿ ಕೋಚಿಂಗಿಗೆ ಹಾಕು, ಡಾಕ್ಟರ್ ಆಗ್ತಾಳೆ ಅಂತಾರೆ. ಇನ್ನೊಬ್ರು ಬೆಂಗಳೂರಲ್ಲಿ ನರ್ಸಿಂಗ್ ಸೀಟ್ ಕೊಡಿಸ್ತೀನಿ, 50 ಸಾವಿರ ಅಡ್ವಾನ್ಸ್ ಕೊಟ್ಟು ಹಿಡ್ಕೊಳ್ಳಿ ಅಂತ ದಿನಾ ಫೋನ್ ಮಾಡ್ತಾರೆ. ಇವಳು ನೋಡಿದ್ರೆ ಪೊನ್ನಂಪೇಟೆ ಫಾರೆಸ್ಟ್ರಿ ಕಾಲೇಜೇ ಬೇಕು ಅಂತ ಹಠ ಹಿಡಿದು ಕೂತಿದ್ದಾಳೆ. ಹೆಂಡ್ತಿ, ಹೆಣ್ಮಗು ಕಾಡಲ್ಲಿ ಏನ್ ಮಾಡುತ್ತೆ, ದಿನಾ ಆನೆ ನೋಡಿದ್ದು ಸಾಕಾಗಿಲ್ವಾ ಅಂತ ಅಳ್ತಾಳೆ. ಮಗ ಎಸ್ಸೆಸ್ಸೆಲ್ಸಿ ಮುಗಿಸಿದ್ದಾನೆ, ಅವನದ್ದು ಬರೀ ಆರ್ಮಿ ಜಪ. ಏನ್ ಮಾಡ್ಲಿ ಹೇಳಿ.

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ಮೇಲ್ನೋಟಕ್ಕೆ ನೀಟಾ ಫಾರೆಸ್ಟ್ರಿಯಾ ಅನ್ನೋ ಪ್ರಶ್ನೆ, ಆದ್ರೆ ಒಳಗಿರೋ ಭಯ ಬೇರೆ ಅನ್ಸುತ್ತೆ, ಈ ಒಂದು ತಿಂಗಳಲ್ಲಿ ತಪ್ಪು ಮಾಡಿದ್ರೆ ಮಗಳ ಬದುಕೂ ಹೋಯ್ತು ಇರೋ ಮೂರು ಎಕ್ರೆನೂ ಹೋಯ್ತು ಅಂತ. ಪಿಯು ಕಾಲೇಜಲ್ಲಿ ಬಯಾಲಜಿ ಪಾಠ ಮಾಡ್ಕೊಂಡು, ಜೂನ್ ಬಂತಂದ್ರೆ ಸ್ಟಾಫ್ ರೂಮಲ್ಲಿ ಪಕ್ಕದಲ್ಲಿ ಕೂರಿಸ್ಕೊಂಡು ಮಕ್ಕಳ ಸಿಇಟಿ ಆಪ್ಷನ್ ತುಂಬಿಸ್ಕೊಂಡು ನನ್ನ ಸರ್ವಿಸ್ ಪೂರ್ತಿ ಈ ಜಿಲ್ಲೇಲೇ ಕಳೆದವಳು ನಾನು. ಹಾಗಾಗಿ ಒಂದು ಮಾತು ಮೊದಲೇ ಹೇಳ್ಬಿಡ್ತೀನಿ, ನಮ್ಮ ಕೊಡಗಿನ ಮಕ್ಕಳು ಸೀಟ್ ಕಳ್ಕೊಳ್ಳೋದು ಮಾರ್ಕ್ಸ್ ಕಮ್ಮಿಯಾಗಿ ಎಷ್ಟೋ, ಕಾಗದಪತ್ರ ಸರಿ ಇಲ್ದೆ, ಕೇಳ್ಬೇಕಾದವರನ್ನ ಕೇಳ್ದೆ ಕೂಡ ಅಷ್ಟೇ. ನಿಮ್ಮ ವಿಷಯದಲ್ಲೂ ನನಗೆ ಮೊದಲು ಕಂಡಿದ್ದು 380 ಅಲ್ಲ, "ಇನ್ನೂ ಅಪ್ಪನ ಹೆಸರಲ್ಲೇ ಇದೆ" ಅನ್ನೋ ಸಾಲು. ಅದಕ್ಕೆ ಆಮೇಲೆ ಬರ್ತೀನಿ.

ಮೊದಲು ನೀಟ್ ಮುಗಿಸೋಣ, ಯಾಕಂದ್ರೆ ಮನೆಯವರ ತಲೆ ತುಂಬ ಅದೇ ಇದೆ.

ನಿಮ್ಮಣ್ಣ ಒಂದು ವರ್ಷ ಅಂತ ಸುಲಭವಾಗಿ ಹೇಳ್ತಾರಲ್ಲ, ಆ ವರ್ಷದಲ್ಲಿ ಎಷ್ಟು ಮಾರ್ಕ್ಸ್ ಏರ್ಬೇಕು ಅಂತ ಯಾರೂ ಲೆಕ್ಕ ಹಾಕಿರಲ್ಲ. 380 ಇದ್ದಿದ್ದು 420 ಆದ್ರೆ ಮನೇಲಿ ಖುಷಿ, ಸರ್ಕಾರಿ ಎಂಬಿಬಿಎಸ್ ಸೀಟ್ ಮಾತ್ರ ಅಷ್ಟೇ ದೂರ. ಜೊತೆಗೆ ಹೋದ ವರ್ಷ ಪಕ್ಕದ ಮನೆ ಹುಡುಗನಿಗೆ ಇಷ್ಟಕ್ಕೇ ಸಿಕ್ತು ಅನ್ನೋ ಹೋಲಿಕೆ ಇದೆಯಲ್ಲ, ಅದನ್ನ ದಯವಿಟ್ಟು ಬಿಡಿ. 2024ರಲ್ಲಿ 720ಕ್ಕೆ 720 ತೆಗೆದವರೇ ಹತ್ತಕ್ಕಿಂತ ಜಾಸ್ತಿ ಇದ್ರು, 2025ರಲ್ಲಿ ಪೇಪರ್ ಕಷ್ಟ ಬಂದು ಇಡೀ ದೇಶಕ್ಕೆ ಫಸ್ಟ್ ಬಂದವನದ್ದೇ 686. ಅಂದ್ಮೇಲೆ ಮಾರ್ಕ್ಸ್ ಹಿಡ್ಕೊಂಡು ಮಾತಾಡಿ ಏನು ಪ್ರಯೋಜನ, ರ‍್ಯಾಂಕ್ ನೋಡಿ, ಹಿಂದಿನ ವರ್ಷ ನಿಮ್ಮ ಕೆಟಗರಿಗೆ ಯಾವ ರ‍್ಯಾಂಕ್‌ವರೆಗೆ ಸರ್ಕಾರಿ ಸೀಟ್ ಹೋಗಿದೆ ಅಂತ ಸೀಟ್ ಹಂಚೋ ರಾಜ್ಯದ ಪರೀಕ್ಷಾ ಪ್ರಾಧಿಕಾರ ಕೆಇಎ ವೆಬ್‌ಸೈಟಲ್ಲೇ ಪಟ್ಟಿ ಇರುತ್ತೆ, ಮಗಳ ಹತ್ರಾನೇ ತೆಗೆಸಿ ನೋಡಿ.

ಇನ್ನೊಂದು ಮಾತು ನಮ್ಮ ಕಡೆ ಮದುವೆ ಮನೇಲೆಲ್ಲ ಕೇಳ್ತೀನಿ, ಮಡಿಕೇರೀಲೇ ಮೆಡಿಕಲ್ ಕಾಲೇಜ್ ಬಂದಿದೆ, ಕೊಡಗಿನವರಿಗೆ ಹೆಂಗಾದ್ರೂ ಕೊಡ್ತಾರೆ ಅಂತ. ಕೊಡಲ್ಲ. 2016ರಲ್ಲಿ ಶುರುವಾದ ಕಾಲೇಜದು, 150 ಸೀಟ್, ಅದರಲ್ಲಿ ಜಿಲ್ಲೆಯವರಿಗೆ ಅಂತ ಒಂದು ಸೀಟೂ ಬೇರೆ ಎತ್ತಿಟ್ಟಿಲ್ಲ. 15 ಪರ್ಸೆಂಟ್ ಆಲ್ ಇಂಡಿಯಾ ಕೋಟಾ, ಉಳಿದಿದ್ದು ಇಡೀ ರಾಜ್ಯಕ್ಕೆ. ಬೆಳಗಾವಿ ಹುಡುಗೀಗೂ ಸಿದ್ದಾಪುರದ ಹುಡುಗೀಗೂ ಅಲ್ಲಿ ಒಂದೇ ಲೆಕ್ಕ.

ಹಾಗಂತ ರಿಪೀಟ್ ಮಾಡ್ಲೇಬಾರ್ದು ಅಂತಿಲ್ಲ. ನಾನು ನೋಡೋ ರೀತಿ ಹೇಳ್ತೀನಿ. ನೀಟಲ್ಲಿ 180 ಪ್ರಶ್ನೆ, ಸರಿ ಆದ್ರೆ ನಾಲ್ಕು, ತಪ್ಪಾದ್ರೆ ಒಂದು ಕಟ್. ಫಿಸಿಕ್ಸ್ 45, ಕೆಮಿಸ್ಟ್ರಿ 45, ಬಯಾಲಜಿ 90, ಅಂದ್ರೆ ಅರ್ಧ ಪೇಪರ್ ಬಯಾಲಜಿಯೇ. ಮಗಳ ರಿಸಲ್ಟ್ ಜೊತೆ ಅವಳ ಓಎಂಆರ್ ಪ್ರತಿನೂ ಉತ್ತರದ ಕೀನೂ ಇಟ್ಕೊಂಡು ಒಂದು ಸಂಜೆ ಕೂತ್ಕೊಳ್ಳಿ. ಬಯಾಲಜೀಲಿ 270 ಬಂದು ಫಿಸಿಕ್ಸಲ್ಲಿ ಮೂವತ್ತು ನಲವತ್ತಕ್ಕೆ ನಿಂತಿದ್ರೆ ಅದು ಗಡಿಬಿಡಿ ಸಮಸ್ಯೆ ಅಲ್ಲ, ಹೈಸ್ಕೂಲಿಂದ ಬಂದ ಲೆಕ್ಕದ ಅಡಿಪಾಯದ ಸಮಸ್ಯೆ, ಹತ್ತು ತಿಂಗಳ ಕೋಚಿಂಗಲ್ಲಿ ಅದು ರಿಪೇರಿ ಆಗಿದ್ದು ನಾನು ಕಂಡಿದ್ದು ಕಮ್ಮಿ. ಅದೇ ಮೂರರಲ್ಲೂ ಸುಮಾರಾಗಿ ಬಂದು, ಗೊತ್ತಿಲ್ದೆ ಗುಂಡು ಹೊಡೆದಿದ್ದು ಐವತ್ತು ಅರವತ್ತು ಪ್ರಶ್ನೆ ಮೈನಸ್ ಆಗಿದ್ರೆ, ಅಥವಾ ಸೆಕೆಂಡ್ ಪಿಯು ಪೋರ್ಷನ್ ಓದಿ ಫಸ್ಟ್ ಪಿಯು ಮುಟ್ಟೇ ಇಲ್ಲ ಅಂತಿದ್ರೆ, ಆಗ ಒಂದು ವರ್ಷಕ್ಕೆ ಅರ್ಥ ಇದೆ. ಮತ್ತೆ ಅವಳಿಗೇ ಬೇಕಾ ಅಂತ. ನೀವು ಬರೆದಿದ್ದರಲ್ಲಿ ಡಾಕ್ಟರ್ ಆಗ್ಬೇಕು ಅಂದವರು ದೊಡ್ಡಪ್ಪ, ಹುಡುಗಿ ಅಂದಿದ್ದು ನನಗೆಲ್ಲೂ ಕಾಣ್ಲಿಲ್ಲ.

ಇಲ್ಲಿ ನನ್ನದೇ ಒಂದು ತಪ್ಪು ಹೇಳ್ಕೋತೀನಿ. ಸುಮಾರು ವರ್ಷದ ಹಿಂದೆ ಒಬ್ಬ ಹುಡುಗ, ಒಳ್ಳೆ ಹುಡುಗ, ಬಯಾಲಜಿ ಡಯಾಗ್ರಾಮ್ ಬರೆದ್ರೆ ಅಚ್ಚು ಹಾಕ್ದಂಗಿರ್ತಿತ್ತು, ಅವನಪ್ಪ ಬಂದು ಕೇಳಿದಾಗ ಇನ್ನೊಂದು ವರ್ಷ ನೋಡೋಣ ಬಿಡಿ ಅಂದ್ಬಿಟ್ಟೆ. ನೋಡಿದ್ರು. ಆ ವರ್ಷ ಮೂವತ್ತು ಮಾರ್ಕ್ಸ್ ಏರ್ತು. ಇಷ್ಟು ಬಂದಿದೆಯಲ್ಲ ಅಂತ ಇನ್ನೊಂದು ವರ್ಷ, ಆಗ ಹದಿನೈದು ಇಳೀತು. ಅಷ್ಟೊತ್ತಿಗೆ ಜೊತೆಗಾರರೆಲ್ಲ ಡಿಗ್ರಿ ಮೂರನೇ ವರ್ಷ, ಇವನು ಬಸ್ ಸ್ಟ್ಯಾಂಡಲ್ಲಿ ನನ್ನ ಕಂಡ್ರೆ ಆ ಕಡೆ ಮುಖ ತಿರುಗಿಸ್ಕೊಂಡು ಹೋಗ್ತಿದ್ದ. ನಾನು ಅವತ್ತು ಫಿಸಿಕ್ಸ್ ಮಾರ್ಕ್ಸ್ ಎಷ್ಟು ಅಂತ ಒಂದು ಮಾತು ಕೇಳಿದ್ದಿದ್ರೆ ಸಾಕಿತ್ತು. ಅದಕ್ಕೇ ಈಗ ಯಾರೇ ರಿಪೀಟ್ ಅಂದ್ರೂ ಮೂರು ಸಬ್ಜೆಕ್ಟಿಂದ್ದೂ ಬೇರೆ ಬೇರೆ ಮಾರ್ಕ್ಸ್ ಹೇಳಿ ಆಮೇಲೆ ಮಾತು ಅಂತೀನಿ. ಮತ್ತೆ ಒಂದು ವರ್ಷ ಅಂದ್ರೆ ಒಂದೇ ವರ್ಷ, ಮುಂದಿನ ರಿಸಲ್ಟ್ ಬಂದ ದಿನ ಏನ್ ಮಾಡೋದು ಅನ್ನೋದು ಇವತ್ತೇ ಕ್ಯಾಲೆಂಡರ್ ಹಿಂದೆ ಬರೆದಿಟ್ಟಿರ್ಬೇಕು.

ಪಾರ್ಷಿಯಲ್ ಡ್ರಾಪ್ ಅಂತ ಮಕ್ಕಳು ಮಾತಾಡ್ಕೊಳ್ತಾರೆ, ಅಂದ್ರೆ ಎಲ್ಲಾದ್ರೂ ಡಿಗ್ರಿಗೆ ಸೇರ್ಕೊಂಡು ಜೊತೆಗೇ ನೀಟ್ ಓದೋದು. ಮಡಿಕೇರಿ ಕಾರ್ಯಪ್ಪ ಕಾಲೇಜಲ್ಲೋ ಗೋಣಿಕೊಪ್ಪ ಕಾವೇರಿ ಕಾಲೇಜಲ್ಲೋ ಬಿಎಸ್ಸಿ ಮಾಡ್ತಾ ಇದ್ರೆ ಹೆಂಗೋ ಎಳೀಬಹುದು. ಫಾರೆಸ್ಟ್ರಿಗೋ ಅಗ್ರಿಗೋ ಸೇರ್ಕೊಂಡು ಅದನ್ನ ಮಾಡಕ್ಕಾಗಲ್ಲ, ಬೆಳಿಗ್ಗೆ ಥಿಯರಿ ಮಧ್ಯಾಹ್ನ ಪ್ರಾಕ್ಟಿಕಲ್, ಅಟೆಂಡೆನ್ಸ್ ಬಿಗಿ, ಎರಡೂ ಕೆಡುತ್ತೆ.

ಈಗ ಫಾರೆಸ್ಟ್ರಿ. ಹುಡುಗಿ ಹಠ ಅಂದ್ರಲ್ಲ, ನನಗೆ ಅದು ಹಠ ಅನ್ನಿಸ್ಲಿಲ್ಲ ನೋಡಿ. ಸಿದ್ದಾಪುರದ ಕಡೆ ಹುಟ್ಟಿ ಬೆಳೆದ ಮಗು, ಬೆಳಿಗ್ಗೆ ಶಾಲೆಗೆ ಹೋಗೋ ಮುಂಚೆ ಆನೆ ಎಲ್ಲಿದೆ ಅಂತ ವಾಟ್ಸಾಪ್ ನೋಡಿ ಹೊರಡೋ ಮಗು, ಪಟಾಕಿ ಹೊಡ್ಕೊಂಡು ಆನೆ ಓಡಿಸೋಕೆ ಬಂದ ಇಲಾಖೆಯವರನ್ನ ಲೈನ್ ಮನೆ ಜಗುಲಿಯಿಂದ ನೋಡ್ಕೊಂಡೇ ದೊಡ್ಡವಳಾದ ಮಗು, ಅದಕ್ಕೆ ಈ ಪ್ರಶ್ನೆ ಹುಟ್ಟದೆ ಇನ್ಯಾರಿಗೆ ಹುಟ್ಬೇಕು. ದೊಡ್ಡಪ್ಪನಿಗೆ ಕಾಣೋದು ಮೈಸೂರಿನ ಡಾಕ್ಟರ್ ಮನೆಗಳು, ಅವಳಿಗೆ ಕಂಡಿದ್ದು ಇದು.

ಪೊನ್ನಂಪೇಟೆ ಫಾರೆಸ್ಟ್ರಿ ಕಾಲೇಜ್ 1995ರಲ್ಲಿ ಶುರುವಾಗಿದ್ದು, ಮೊದಲು ಬೆಂಗಳೂರು ಕೃಷಿ ವಿವಿ ಕೆಳಗಿತ್ತು, ಈಗ ಶಿವಮೊಗ್ಗದ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿವಿಗೆ ಸೇರಿದೆ. ನಾಲ್ಕು ವರ್ಷದ ಬಿಎಸ್ಸಿ ಆನರ್ಸ್, ಅಡ್ಮಿಷನ್ ಸಿಇಟಿ ಮೂಲಕ. ನಮ್ಮ ಭಾಗದಲ್ಲಿ ಇದು ಬಿಟ್ರೆ ಈ ಕೋರ್ಸಿಗೆ ಶಿರಸಿಗೆ ಹೋಗ್ಬೇಕು, ಹಾಗಾಗಿ ಸೀಟ್ ಕಮ್ಮಿ, ಕೇಳಿದ ತಕ್ಷಣ ಸಿಗುತ್ತೆ ಅನ್ಕೋಬೇಡಿ.

ಒಳಗೆ ಏನ್ ಕಲಿಸ್ತಾರೆ ಅಂದ್ರೆ, ಕಾಡು ಕಾಯೋದಲ್ಲ. ಮರದ ಜಾತಿ, ಮಣ್ಣು, ನರ್ಸರಿ, ಮರದ ಅಳತೆ ಲೆಕ್ಕ, ವನ್ಯಜೀವಿ, ಕಾಫಿ ತೋಟದ ನೆರಳು ಮರದಂಥ ಅಗ್ರೋಫಾರೆಸ್ಟ್ರಿ, ಸ್ಟ್ಯಾಟಿಸ್ಟಿಕ್ಸ್, ಮ್ಯಾಪ್ ಕೆಲಸ. ನನ್ನ ಹಳೇ ಸ್ಟೂಡೆಂಟ್ ಒಬ್ಬಳು ಅಲ್ಲಿ ಓದ್ತಿದ್ದಾಗ ಒಂದು ಜುಲೈಲಿ ನಾನು ನೋಡೋಕೆ ಹೋಗಿದ್ದೆ. ಜಡಿಮಳೆ, ರೈನ್‌ಕೋಟ್ ಹಾಕ್ಕೊಂಡು ಹಗ್ಗ ಎಳೆದು ಕಾಡಲ್ಲಿ ಹತ್ತು ಮೀಟರ್ ಚೌಕ ಮಾಡಿ ಅದರೊಳಗಿನ ಪ್ರತಿ ಗಿಡದ ಸುತ್ತಳತೆ ಟೇಪ್ ಹಿಡಿದು ಕೂಗ್ತಿದ್ಲು, ಇನ್ನೊಬ್ಬಳು ಪ್ಲಾಸ್ಟಿಕ್ ಕವರಿನೊಳಗೆ ಪುಸ್ತಕ ಇಟ್ಟು ಬರ್ಕೋತಿದ್ಲು, ಕಾಲಿಗೆ ಹತ್ತಿದ ಇಂಬಳಕ್ಕೆ ಬಟ್ಟೇಲಿ ಕಟ್ಟಿದ ಉಪ್ಪು ಒತ್ತಿ ಉದುರಿಸ್ಕೊಂಡು ಮತ್ತೆ ಮುಂದಿನ ಮರ. ಆ ಮಗು ಆಮೇಲೆ ನನ್ನ ಕಡೆ ತಿರುಗಿ, ಮಿಸ್ ನೀವು ಹೇಳ್ಕೊಟ್ಟ ಕ್ವಾಡ್ರಾಟ್ ಇದೇ ಅಲ್ವಾ ಅಂತು. ನಾನು ಇಪ್ಪತ್ತು ವರ್ಷ ಬೋರ್ಡ್ ಮೇಲೆ ಬರೆದಿದ್ದನ್ನ ಅವತ್ತೇ ನೋಡಿದ್ದು. ನಿಮ್ಮ ಮಗಳಿಗೆ ಇಂಥಾ ಕೆಲಸ ಇಷ್ಟ ಆಗುತ್ತಾ, ಇಲ್ಲ ಆನೆ ರೀಲ್ಸ್ ನೋಡಿ ಬಂದ ಆಸೆನಾ ಅಂತ ಮಾತ್ರ ಕೇಳಿ ತಿಳ್ಕೊಳ್ಳಿ.

ಮುಂದೆ ಕೆಲಸ? ಎಲ್ಲರ ಬಾಯಲ್ಲಿ ಬರೋದು ರೇಂಜ್ ಫಾರೆಸ್ಟ್ ಆಫೀಸರ್, ಅಂದ್ರೆ ಆರ್‌ಎಫ್ಓ. ಫಾರೆಸ್ಟ್ರಿ ಪದವೀಧರರಿಗೆ ಆ ಹುದ್ದೇಲಿ ಒಂದು ಪಾಲು ಮೀಸಲಿದೆ ನಿಜ, ಆದ್ರೆ ಆ ಪಾಲನ್ನ ಸರ್ಕಾರ ಇಳಿಸಿತು ಅಂತ ಇದೇ ಪೊನ್ನಂಪೇಟೆ ಮಕ್ಕಳು ಕ್ಲಾಸ್ ಬಿಟ್ಟು ಧರಣಿ ಕೂತಿದ್ರು. ನೇಮಕಾತಿ ವರ್ಷ ವರ್ಷ ಕರೆಯಲ್ಲ, ಕರೆದಾಗ ಹುದ್ದೆ ಬೆರಳೆಣಿಕೆ. ಹಾಗಾಗಿ ಆರ್‌ಎಫ್ಓ ಒಂದನ್ನೇ ನಂಬ್ಕೊಂಡು ಸೇರಿಸೋದಾದ್ರೆ ಅದು ರಿಸ್ಕ್, ಮುಚ್ಚಿಡಲ್ಲ. ಆದ್ರೆ ಇದೇ ಡಿಗ್ರೀಲಿ ಯುಪಿಎಸ್ಸಿಯ ಇಂಡಿಯನ್ ಫಾರೆಸ್ಟ್ ಸರ್ವಿಸ್, ಅಂದ್ರೆ ಐಎಫ್‌ಎಸ್ ಬರೀಬಹುದು, ಮತ್ತೆ ತುಂಬ ಜನಕ್ಕೆ ಗೊತ್ತಿಲ್ದೇ ಇರೋದು, ಬ್ಯಾಂಕುಗಳಲ್ಲಿ ಅಗ್ರಿಕಲ್ಚರಲ್ ಫೀಲ್ಡ್ ಆಫೀಸರ್ ಅಂತ ಐಬಿಪಿಎಸ್ ಪರೀಕ್ಷೆ ಮಾಡುತ್ತಲ್ಲ, ಅದಕ್ಕೆ ಅಗ್ರಿ ಹಾರ್ಟಿ ಜೊತೆ ಫಾರೆಸ್ಟ್ರಿ ಡಿಗ್ರಿನೂ ನಡೆಯುತ್ತೆ. ನಾನು ಕಂಡ ಫಾರೆಸ್ಟ್ರಿ ಮಕ್ಕಳಲ್ಲಿ ಬ್ಯಾಂಕಲ್ಲಿ ಕೂತವರು ಕಾಡಲ್ಲಿರೋರಿಗಿಂತ ಜಾಸ್ತಿನೇ ಇದ್ದಾರೆ! ಉಳಿದೋರು ಎಂಎಸ್ಸಿ, ಪಿಎಚ್‌ಡಿ, ಡೆಹ್ರಾಡೂನ್, ಎನ್‌ಜಿಓ, ಕೆಲವರು ಕೆಎಎಸ್ ಓದ್ತಾ ಮನೇಲೂ ಕೂತಿದ್ದಾರೆ, ಅದನ್ನೂ ಹೇಳ್ಬೇಕು.

ನಿಮ್ಮ ಮನೆಯವರ ಭಯ ತಮಾಷೆ ಅಲ್ಲ. ಆನೆ ಕಾಟ ಇರೋ ಊರಲ್ಲಿ ತಾಯಿ ಬೇರೆ ಹೆಂಗೆ ಯೋಚ್ನೆ ಮಾಡ್ತಾಳೆ. ಆದ್ರೆ ಇವತ್ತು ಇಲಾಖೇಲಿ ಗಾರ್ಡಿಂದ ಹಿಡಿದು ಡಿಸಿಎಫ್‌ವರೆಗೆ ಹೆಣ್ಮಕ್ಕಳು ಇದ್ದಾರೆ, ಮತ್ತೆ ಮೇಲೆ ಹೇಳಿದಂಗೆ ಈ ಡಿಗ್ರಿ ಮಾಡಿದವರೆಲ್ಲ ಕಾಡಿಗೇ ಹೋಗಲ್ಲ.

ಈಗ ಆ ಸಾಲಿಗೆ ಬರ್ತೀನಿ. ಫಾರೆಸ್ಟ್ರಿ, ಅಗ್ರಿ, ಹಾರ್ಟಿ, ವೆಟರ್ನರಿ ಇವಕ್ಕೆ ಕೃಷಿಕರ ಮಕ್ಕಳ ಕೋಟಾ ಅಂತ ದೊಡ್ಡ ಪಾಲು ಸೀಟ್ ಇದೆ, ಅದಕ್ಕೆ ಸಿಇಟಿ ಅರ್ಜೀಲೇ ಕ್ಲೇಮ್ ಮಾಡಿ, ದಾಖಲೆ ಕೊಟ್ಟು, ಬೇರೆ ಪ್ರಾಕ್ಟಿಕಲ್ ಪರೀಕ್ಷೆನೂ ಬರೀಬೇಕು. ಬೀಜ, ಗೊಬ್ಬರ, ಕಳೆ, ಉಪಕರಣ ಎದುರಿಗಿಟ್ಟು ಗುರ್ತಿಸು ಅಂತಾರೆ, ತೋಟದ ಮಕ್ಕಳಿಗೆ ನೀರು ಕುಡಿದಂಗೆ ಅನ್ಕೋತೀವಿ, ಆದ್ರೆ ನಮ್ಮ ಮಕ್ಕಳಿಗೆ ಕಾಫಿ ಮೆಣಸು ಬಿಟ್ರೆ ಜೋಳ ರಾಗಿ ತೊಗರಿ ಗೊತ್ತಾಗಲ್ಲ, ಅಲ್ಲೇ ಬೀಳ್ತಾರೆ! ಮಗಳು ಇದನ್ನ ಕ್ಲೇಮ್ ಮಾಡಿದ್ದಾಳಾ ಅಂತ ಮೊದಲು ನೋಡಿ. ಮಾಡಿಲ್ಲ ಅಂದ್ರೆ ಕೆಇಎ ತಿದ್ದುಪಡಿಗೆ ಅವಕಾಶ ಕೊಡುತ್ತಾ ಅಂತ ದಿನಾ ವೆಬ್‌ಸೈಟ್ ನೋಡ್ಬೇಕು, ಸಿಗ್ಲಿಲ್ಲ ಅಂದ್ರೆ ಜನರಲ್ ಪೂಲಲ್ಲಿ ಪ್ರಯತ್ನ.

ಕ್ಲೇಮ್ ಮಾಡಿದ್ರೂ ಜಾಗ ಅಜ್ಜನ ಹೆಸರಲ್ಲಿದೆ. ಕೊಡಗಲ್ಲಿ ಇದೊಂದು ದೊಡ್ಡ ತಲೆನೋವು, ತಲೆತಲಾಂತರದಿಂದ ಕುಟುಂಬಕ್ಕೆ ಬಂದ ಜಮ್ಮಾ ಜಾಗ ಆದ್ರಂತೂ ಆರ್‌ಟಿಸಿ ಪಟ್ಟೆದಾರರ, ಅಂದ್ರೆ ಕುಟುಂಬದ ಹಿರಿಯರ ಹೆಸರಲ್ಲಿ ಇರುತ್ತೆ, ಉಳುಮೆ ಮಾಡೋರು ಇನ್ಯಾರೋ. ವಂಶವೃಕ್ಷ ಮಾಡಿಸಿ, ಆರ್‌ಟಿಸಿ ತೆಗೆಸಿ, ನಾಡಕಚೇರೀಲಿ ನಿಮ್ಮ ಹೆಸರಿಗೆ ಕೃಷಿಕ ಅನ್ನೋ ಸರ್ಟಿಫಿಕೇಟ್ ಬರುತ್ತಾ, ನೀವು ಎಸ್ಟೇಟ್ ಸಂಬಳಕ್ಕೂ ಇರೋದ್ರಿಂದ ತೊಂದ್ರೆ ಆಗುತ್ತಾ ಅಂತ ಖುದ್ದಾಗಿ ಹೋಗಿ ಕೇಳಿ. ಫೋನಲ್ಲಿ ಕೇಳಿದ್ರೆ ಆಗುತ್ತೆ ಬನ್ನಿ ಅಂತಾರೆ, ಹೋದ್ಮೇಲೆ ಬೇರೆ ಕಥೆ.

ಇದಕ್ಕಿಂತ ನಿಮಗೆ ಖಚಿತವಾಗಿ ಸಿಗೋದು ಇನ್ನೊಂದಿದೆ, ಗ್ರಾಮೀಣ ಕೋಟಾ, 15 ಪರ್ಸೆಂಟ್. ಒಂದರಿಂದ ಹತ್ತರವರೆಗೆ ಹತ್ತೂ ವರ್ಷ ಹಳ್ಳೀಲೇ ಓದಿರ್ಬೇಕು, ಪಿಯುಸಿ ಎಲ್ಲಿ ಓದಿದ್ರೂ ಪರವಾಗಿಲ್ಲ. ಹತ್ತೂ ವರ್ಷ ಕನ್ನಡ ಮೀಡಿಯಂ ಆದ್ರೆ ಅದಕ್ಕೂ 5 ಪರ್ಸೆಂಟ್ ಬೇರೆ ಇದೆ. ಒಂದು ವರ್ಷ ಕಮ್ಮಿ ಆದ್ರೂ ಹೋಯ್ತು. ನಾಪೋಕ್ಲು ಕಡೆ ಹುಡುಗಿಯೊಬ್ಬಳು ಐದನೇ ಕ್ಲಾಸ್ ಒಂದೇ ವರ್ಷ ಅತ್ತೆ ಮನೇಲಿದ್ದು ಕುಶಾಲನಗರದಲ್ಲಿ ಓದಿದ್ಲು, ಯಾರಿಗೂ ನೆನಪೇ ಇಲ್ಲ. ವೆರಿಫಿಕೇಷನ್ ದಿನ ಸ್ಟಡಿ ಸರ್ಟಿಫಿಕೇಟ್ ಒಂದೊಂದೇ ಜೋಡಿಸ್ತಾ ಹೋದಾಗ ನಾಲ್ಕು ಆದ್ಮೇಲೆ ಆರು. ಅವರಮ್ಮ ಪ್ಲಾಸ್ಟಿಕ್ ಕವರ್ ಪೂರ್ತಿ ಟೇಬಲ್ ಮೇಲೆ ಸುರಿದು ಹುಡುಕಿದ್ರು, ಇಲ್ದೇ ಇರೋದು ಎಲ್ಲಿಂದ ಸಿಗುತ್ತೆ. ಈಗ ಸುಮಾರು ವಿವರ ಶಾಲೆ ದಾಖಲೆಯ ಸ್ಯಾಟ್ಸ್ ನಂಬರಿಂದ ಆನ್‌ಲೈನಲ್ಲೇ ತಾಳೆ ನೋಡ್ತಾರೆ, ಆದ್ರೂ ಬಿಇಓ ಸಹಿ ಇರೋ ಸ್ಟಡಿ ಸರ್ಟಿಫಿಕೇಟ್ ಕೈಲಿರ್ಲಿ. ಆರನೇ ಕ್ಲಾಸಿಗೇ ಮಕ್ಕಳನ್ನ ಮೈಸೂರು ಹಾಸ್ಟೆಲಿಗೆ ಹಾಕೋ ನಮ್ಮ ಜನಕ್ಕೆ ಈ ಕೋಟಾ ಕೈಬಿಟ್ಟಿದ್ದು ಗೊತ್ತಾಗೋದು ಪಿಯುಸಿ ಆದ್ಮೇಲೇ. ನೀವು ಊರಲ್ಲೇ ಓದಿಸಿದ್ದು ಈಗ ಲಾಭ ಆಯ್ತು.

ಆಪ್ಷನ್ ಎಂಟ್ರಿ ಬಗ್ಗೆನೂ ಒಂದು ತಪ್ಪು ಕಲ್ಪನೆ ಇದೆ. ಸಿಗೋದೇ ಇಲ್ಲ ಅನ್ನೋ ಕಾಲೇಜನ್ನ ಮೇಲೆ ಹಾಕಿದ್ರೆ ಕೆಳಗಿನದ್ದೂ ಹೋಗುತ್ತೆ ಅಂತ ಸೈಬರ್ ಸೆಂಟರಿನವರು ಹೆದರಿಸ್ತಾರೆ. ಹಂಗೇನಿಲ್ಲ, ಕಂಪ್ಯೂಟರ್ ಮೇಲಿಂದ ಕೆಳಗೆ ನೋಡ್ತಾ ಬರುತ್ತೆ, ನಿಮ್ಮ ರ‍್ಯಾಂಕಿಗೆ ಎಲ್ಲಿ ಸಿಗುತ್ತೋ ಅಲ್ಲಿ ನಿಲ್ಲುತ್ತೆ. ಆಸೆ ಇರೋ ಕ್ರಮದಲ್ಲೇ ಹಾಕಿ. ಬೇಡವೇ ಬೇಡ ಅನ್ನೋದನ್ನ ಹಾಕ್ಬೇಡಿ, ಯಾಕಂದ್ರೆ ಅದು ಸಿಕ್ಕೇ ಬಿಡಬಹುದು. ಸೀಟ್ ಬಂದ್ಮೇಲೆ ನಾಲ್ಕು ಚಾಯ್ಸ್ ಕೇಳ್ತಾರೆ, ಒಂದನೇದು ಇದೇ ಸಾಕು ಸೇರ್ತೀನಿ, ಎರಡನೇದು ಇದಿರ್ಲಿ ಆದ್ರೆ ಮೇಲಿನದ್ದು ಸಿಕ್ರೆ ಕೊಡಿ, ಮೂರನೇದು ಇದು ಬೇಡ ಮುಂದಿನ ರೌಂಡ್ ನೋಡ್ತೀನಿ, ನಾಲ್ಕನೇದು ಆಟದಿಂದಲೇ ಹೊರಗೆ. ಎರಡು ಒತ್ತಿದ್ಮೇಲೆ ಮೇಲಿನದ್ದು ಬಂತಂದ್ರೆ ಹಳೇ ಸೀಟ್ ತಾನಾಗೇ ಹೋಗುತ್ತೆ, ಅದು ನೆನಪಿರ್ಲಿ. ಕೊನೇ ರೌಂಡ್ ಮುಗಿದ್ಮೇಲೆ ಬಿಡೋದು ಮಾಡ್ಬೇಡಿ, ದುಡ್ಡು ಹೋಗುತ್ತೆ, ಸೀಟ್ ಇನ್ನೊಬ್ರಿಗೂ ಇಲ್ದೆ ಹಾಳಾಗುತ್ತೆ.

ನರ್ಸಿಂಗ್ ಸೀಟಿನ ಆಸಾಮಿ ಫೋನ್ ಇನ್ಮೇಲೆ ಎತ್ಬೇಡಿ. ನರ್ಸಿಂಗ್ ಒಳ್ಳೆ ಓದು, ನಮ್ಮ ಜಿಲ್ಲೇಲಿ ಎಷ್ಟೋ ಮನೆ ಅದರಿಂದ ಎದ್ದು ನಿಂತಿದೆ. ಆದ್ರೆ ಬಿಎಸ್ಸಿ ನರ್ಸಿಂಗ್ ಸೀಟನ್ನೂ ಈಗ ಕೆಇಎ ಸಿಇಟಿ ಮೂಲಕ ಕೊಡುತ್ತೆ, ಮಗಳು ಸಿಇಟಿ ಬರೆದೂ ಇದ್ದಾಳೆ, ಮತ್ಯಾಕೆ ಮಧ್ಯದವನಿಗೆ 50 ಸಾವಿರ? ಅಡ್ವಾನ್ಸ್ ಕೇಳೋರು ಕಾಲೇಜಿನ ಹೆಸರು ಕೊನೇವರೆಗೂ ಹೇಳಲ್ಲ ಗಮನಿಸಿ. ರಾಜೀವ್ ಗಾಂಧಿ ಆರೋಗ್ಯ ವಿವಿ ಪಟ್ಟೀಲಿ ಕಾಲೇಜಿದೆಯಾ, ನರ್ಸಿಂಗ್ ಕೌನ್ಸಿಲ್ ಮಾನ್ಯತೆ ಇದೆಯಾ, ಮಕ್ಕಳಿಗೆ ಪೋಸ್ಟಿಂಗ್ ಯಾವ ಆಸ್ಪತ್ರೇಲಿ, ಅಲ್ಲಿ ನಿಜವಾಗ್ಲೂ ರೋಗಿಗಳು ಇದ್ದಾರಾ, ಇಷ್ಟು ಕೇಳಿದ್ರೆ ಸಾಕು ಫೋನ್ ಅವರೇ ಇಡ್ತಾರೆ.

ಯಾರೂ ಹೇಳದ ಒಂದೆರಡು ದಾರಿ ಕಿವಿಗೆ ಹಾಕ್ತೀನಿ. ಮೈಸೂರು ಮಾನಸಗಂಗೋತ್ರಿ ಹತ್ರ ವಾಕ್ ಶ್ರವಣ ಸಂಸ್ಥೆ ಇದೆ, ಎಲ್ಲರೂ ಐಷ್ ಅಂತಾರೆ, ಕೇಂದ್ರ ಸರ್ಕಾರದ್ದು. ಕಿವಿ ಕೇಳಿಸದವರಿಗೆ, ಮಾತು ತೊದಲೋರಿಗೆ ಚಿಕಿತ್ಸೆ ಕೊಡೋ ನಾಲ್ಕು ವರ್ಷದ ಕೋರ್ಸ್, ಅವರದ್ದೇ ಎಂಟ್ರೆನ್ಸ್. ನೀಟ್‌ಗೆ ಓದಿದ ಮಕ್ಕಳು ಇದನ್ನ ಬರೀಬಹುದಿತ್ತು ಅಂತ ಪ್ರತಿ ವರ್ಷ ನಾನು ಗೋಳಾಡೋದು, ಅರ್ಜಿ ನೀಟ್ ಗಲಾಟೆ ನಡುವೆ ಬಂದು ಹೋಗಿರುತ್ತೆ. ಮೈಸೂರಲ್ಲೇ ಟೀಚರ್ ತರಬೇತಿಯ ಆರ್‌ಐಇ ಇದೆ, ಪಾಠ ಮಾಡೋ ಆಸೆ ಇದ್ರೆ ಡಿಗ್ರಿ ಬಿಎಡ್ ಒಟ್ಟಿಗೇ ನಾಲ್ಕು ವರ್ಷಕ್ಕೆ ಮುಗಿಯುತ್ತೆ. ಇನ್ನು ಕಾಫಿ. ಮೂರು ಎಕ್ರೆ ಇಟ್ಕೊಂಡು ನಾವು ಕಾಫಿ ಬೆಳೆದ್ರೆ ಸಾಕು ಅಂತೀವಿ, ಅದನ್ನ ಕುಡಿದು ಬೆಲೆ ಕಟ್ಟೋ ಓದೂ ಇದೆ. ಬಿಎಸ್ಸಿ ಬಾಟನಿ ಕೆಮಿಸ್ಟ್ರಿ ಅಥವಾ ಅಗ್ರಿ ಆದ್ಮೇಲೆ ಕಾಫಿ ಬೋರ್ಡ್ ಒಂದು ವರ್ಷದ ಕಾಫಿ ಕ್ವಾಲಿಟಿ ಪಿಜಿ ಡಿಪ್ಲೊಮಾ ನಡೆಸುತ್ತೆ, ಬಾಳೆಹೊನ್ನೂರು ಮತ್ತೆ ಬೆಂಗಳೂರಲ್ಲಿ. ಕುಯ್ಲು ಆದ್ಮೇಲೆ ವ್ಯಾಪಾರಿ ಕೈ ಬೊಗಸೇಲಿ ಬೀಜ ಹಿಡಿದು ನೋಡಿ ರೇಟ್ ಹೇಳ್ತಾನಲ್ಲ, ಆ ಕಡೆ ಕೂರೋ ಕೆಲಸ.

ಊರ ಹತ್ರದ ಬಿಎಸ್ಸಿ ಯೋಚ್ನೆ ಇದ್ರೆ, ಕೊಡಗು ವಿವಿ ಮುಚ್ತಾರಂತೆ ಡಿಗ್ರಿ ವೇಸ್ಟ್ ಆಗುತ್ತಂತೆ ಅನ್ನೋ ಸುದ್ದಿಗೆ ಹೆದರ್ಬೇಡಿ. ಚಿಕ್ಕ ಅಳುವಾರದ ಈ ವಿವಿ ಸೇರಿ ಒಂಬತ್ತು ಹೊಸ ವಿವಿ ಮುಚ್ಚೋ ಮಾತು 2025ರಲ್ಲಿ ಬಂದಿದ್ದು ನಿಜ. ಮೊದಲು ನಮ್ಮ ಕಾಲೇಜುಗಳೆಲ್ಲ ಮಂಗಳೂರು ವಿವಿ ಕೆಳಗಿದ್ವು, ಮುಂದೆ ಬೋರ್ಡ್ ಬದಲಾದ್ರೂ ಮಕ್ಕಳನ್ನ ಬೀದೀಲಿ ಬಿಡಕ್ಕಾಗಲ್ಲ, ಕೊಟ್ಟ ಡಿಗ್ರಿಗೆ ಬೆಲೆ ಇದ್ದೇ ಇರುತ್ತೆ. ಮತ್ತೆ ನಾಲ್ಕು ವರ್ಷದ ಡಿಗ್ರಿ ಅನ್ನೋದು ನಮ್ಮ ರಾಜ್ಯದಲ್ಲಿ 2024-25ರಿಂದ ಹೋಗಿ ಮೂರಕ್ಕೇ ವಾಪಸ್ ಬಂದಿದೆ.

ದುಡ್ಡು. ಈಗ ಕಾಫಿ ರೇಟ್ ಕಂಡು ಕೈ ಬಿಚ್ಚೋರು ಜಾಸ್ತಿ ಆಗಿದ್ದಾರೆ, 2024-25ರಲ್ಲಿ ರೊಬಸ್ಟಾ ಕಂಡ ರೇಟ್ ನಾವ್ಯಾರೂ ಕಂಡಿರ್ಲಿಲ್ಲ, ಆದ್ರೆ ಅದಕ್ಕೆ ಐದಾರು ವರ್ಷ ಹಿಂದೆ ಕುಯ್ಲಿನ ಕೂಲಿನೂ ಹುಟ್ದೆ ಕೂತಿದ್ದು ಮರೀಬೇಡಿ. ಮ್ಯಾನೇಜ್‌ಮೆಂಟ್ ಸೀಟಿಗೆ ಮೂರು ಎಕ್ರೆ ಅಡ ಇಡೋ ಯೋಚ್ನೆ ಇದ್ರೆ ನನ್ನ ಓಟು ಬೇಡ ಅಂತ. ಎಜುಕೇಷನ್ ಲೋನ್ 7.5 ಲಕ್ಷದವರೆಗೆ ಅಡಮಾನ ಇಲ್ದೇ ಕೊಡೋಕೆ ಸರ್ಕಾರದ ಗ್ಯಾರಂಟಿ ಸ್ಕೀಮ್ ಇದೆ, ಬ್ಯಾಂಕ್ ಮ್ಯಾನೇಜರ್ ಜಾಗದ ಪೇಪರ್ ತನ್ನಿ ಅಂದ್ರೆ ಈ ಸ್ಕೀಮ್ ಬಗ್ಗೆ ಕೇಳಿ. ಫಾರೆಸ್ಟ್ರಿಯಂಥ ಸರ್ಕಾರಿ ಸೀಟಿಗೆ ಅಷ್ಟು ಬೇಕಾಗೂ ಇಲ್ಲ, ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲಲ್ಲಿ ಸ್ಕಾಲರ್‌ಶಿಪ್ ಅರ್ಜಿ ಮಾತ್ರ ತಪ್ಪದೆ ಹಾಕಿ, ಆಧಾರಿಗೂ ಬ್ಯಾಂಕ್ ಖಾತೆಗೂ ಲಿಂಕ್ ಆಗಿದೆಯಾ ನೋಡ್ಕೊಂಡು.

ಮಗನ ವಿಷಯ ಚುಟುಕಾಗಿ. ಕಾರ್ಯಪ್ಪ ತಿಮ್ಮಯ್ಯ ಹುಟ್ಟಿದ ಜಿಲ್ಲೇಲಿ ಆರ್ಮಿ ಬೇಡ ಅನ್ನೋಕೆ ನಾನ್ಯಾರು. ಕೂಡಿಗೆ ಸೈನಿಕ ಶಾಲೆಗೆ ಸೇರಿಸ್ಬಹುದಾ ಅಂತ ಕೇಳ್ಬೇಡಿ, ಅದು ಆರನೇ ಮತ್ತೆ ಒಂಬತ್ತನೇ ಕ್ಲಾಸಿಗೆ ಮಾತ್ರ. ಅವನನ್ನ ಪಿಸಿಎಂಗೆ ಹಾಕಿ. ಎನ್‌ಡಿಎ ಆರ್ಮಿ ವಿಭಾಗಕ್ಕೆ ಯಾವ ಪಿಯುಸಿ ಆದ್ರೂ ನಡೆಯುತ್ತೆ, ನೇವಿ ಏರ್‌ಫೋರ್ಸಿಗೆ ಫಿಸಿಕ್ಸ್ ಕೆಮಿಸ್ಟ್ರಿ ಮ್ಯಾಥ್ಸ್ ಬೇಕೇ ಬೇಕು, ಪರೀಕ್ಷೇಲೂ 900ರಲ್ಲಿ 300 ಲೆಕ್ಕದ್ದೇ. ವರ್ಷಕ್ಕೆ ಎರಡು ಸಲ ಬರುತ್ತೆ, ಸೆಕೆಂಡ್ ಪಿಯು ಓದ್ತಾನೇ ಬರೀಬಹುದು, ಹತ್ತೊಂಬತ್ತೂವರೆ ವರ್ಷದೊಳಗೆ ಮುಗೀಬೇಕು. ಅಗ್ನಿವೀರ್ ಅಂದ್ರೆ ನಾಲ್ಕು ವರ್ಷ, ಅದರಲ್ಲಿ ಉಳಿಸ್ಕೊಳ್ಳೋದು 25 ಪರ್ಸೆಂಟ್‌ವರೆಗೆ, ಉಳಿದವರು ಹನ್ನೊಂದೂಮುಕ್ಕಾಲು ಲಕ್ಷದ ಹತ್ತಿರ ಸೇವಾನಿಧಿ ಹಿಡ್ಕೊಂಡು ಇಪ್ಪತ್ತೆರಡು ಇಪ್ಪತ್ಮೂರಕ್ಕೆ ಮನೆಗೆ ಬರ್ತಾರೆ. ತಾತನ ಕಾಲದ ಆರ್ಮಿ ಪೆನ್ಷನ್ ಲೆಕ್ಕ ಇದಕ್ಕೆ ಹಾಕ್ಬೇಡಿ. ಡಿಗ್ರೀಲಿ ಎನ್‌ಸಿಸಿ ಸೇರಿ ಸಿ ಸರ್ಟಿಫಿಕೇಟ್ ತಗೊಂಡ್ರೆ ರಿಟನ್ ಇಲ್ದೆ ನೇರ ಆಯ್ಕೆ ಸಂದರ್ಶನಕ್ಕೆ, ಅಂದ್ರೆ ಎಸ್‌ಎಸ್‌ಬಿಗೆ ಹೋಗೋ ದಾರಿನೂ ಇದೆ. ಓದು ಹಿಡಿಸದ ಹುಡುಗ ಆದ್ರೆ ಕುಶಾಲನಗರದ ಸರ್ಕಾರಿ ಪಾಲಿಟೆಕ್ನಿಕ್ಕಲ್ಲಿ ಮೂರು ವರ್ಷ ಡಿಪ್ಲೊಮಾ, ಬೇಕಂದ್ರೆ ಆಮೇಲೆ ಡಿಸಿಇಟಿ ಬರೆದು ಇಂಜಿನಿಯರಿಂಗ್ ಎರಡನೇ ವರ್ಷಕ್ಕೇ ಸೇರ್ಬಹುದು.

ನಿಮ್ಮ ಜಾಗದಲ್ಲಿ ನಾನಿದ್ರೆ? ಫಾರೆಸ್ಟ್ರಿ ಮೊದಲ ಆಪ್ಷನ್, ಅದರ ಕೆಳಗೆ ಅಗ್ರಿ ಹಾರ್ಟಿ, ಅದರ ಕೆಳಗೆ ಬಿಎಸ್ಸಿ ನರ್ಸಿಂಗ್ ಅವಳಿಗೆ ಒಪ್ಪಿಗೆ ಇದ್ರೆ ಮಾತ್ರ. ಯಾವುದೂ ಸಿಗ್ಲಿಲ್ಲ ಅಂದಾಗ ಗೋಣಿಕೊಪ್ಪದಲ್ಲಿ ಬಿಎಸ್ಸಿ ಸೇರ್ಕೊಂಡು ಮುಂದಿನ ವರ್ಷ ಸಿಇಟಿ, ಬೇಕಿದ್ರೆ ನೀಟೂ. ಫಿಸಿಕ್ಸ್ ಮಾರ್ಕ್ಸ್ ನೋಡಿದ್ಮೇಲೆ ನಿಮಗೆ ಬೇರೆ ಅನ್ನಿಸಿದ್ರೆ ಬೇರೆ ಮಾತು, ನಾನು ಪತ್ರ ನೋಡಿ ಹೇಳ್ತಿರೋದು, ಮಗು ನೋಡಿಲ್ಲ.

ಮತ್ತೆ ಮನೆಯವರನ್ನ ಒಂದು ದಿನ ಪೊನ್ನಂಪೇಟೆಗೆ ಕರ್ಕೊಂಡು ಹೋಗಿ. ಗೋಣಿಕೊಪ್ಪಕ್ಕೆ ಬಂದ್ರೆ ಅಲ್ಲಿಂದ ಹತ್ತು ನಿಮಿಷ. ಭಾನುವಾರ ಬೇಡ, ಕ್ಲಾಸ್ ನಡೀತಿರೋ ದಿನ ಹೋಗಿ ಆಫೀಸಲ್ಲಿ ಕೇಳಿ ಲೇಡೀಸ್ ಹಾಸ್ಟೆಲ್ ನೋಡಿ, ಅಲ್ಲಿರೋ ಹೆಣ್ಮಕ್ಕಳ ಹತ್ರ ಅವರೇ ಮಾತಾಡ್ಲಿ, ನೀವು ಸ್ವಲ್ಪ ದೂರ ನಿಂತ್ಕೊಳ್ಳಿ. ಹೋಗೋ ದಿನ ನಾಡಕಚೇರಿ ಕೆಲಸನೂ ಇಟ್ಕೊಳ್ಳಿ, ಆರ್‌ಟಿಸಿ ವಿಷಯ ಏನಾಯ್ತು ಅಂತ ಬರೆದು ತಿಳಿಸಿ.